ಅಂಕಣದ ಮನೆಯಿಂದ ಚದರಡಿ ಸೈಟಿಗೆ

ಮಾಗಡಿ ಇದ್ದಲ್ಲೇ ಇದೆ. ಅದರ ವಿಳಾಸ ಮಾತ್ರ ಬದಲಾಗುತ್ತ ಬಂದಿದೆ. 1986ರ ಆಗಸ್ಟ್ 15ರವರೆಗೆ ಅದು ಬೆಂಗಳೂರು ಜಿಲ್ಲೆಯ ಒಂದು ತಾಲ್ಲೂಕು. ಅಂದು ಜಿಲ್ಲೆ ಎರಡಾದಾಗ ಬೆಂಗಳೂರು ಗ್ರಾಮಾಂತರದ ಪಾಲಿಗೆ ಬಂತು. 2007ರ ಆಗಸ್ಟ್‌ನಲ್ಲಿ ರಾಮನಗರ ಜಿಲ್ಲೆ ಹುಟ್ಟಿದಾಗ ಚನ್ನಪಟ್ಟಣ, ಕನಕಪುರಗಳ ಜೊತೆ ಅದರ ಮಡಿಲು ಸೇರಿತು. 2025ರಲ್ಲಿ ಅದೇ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟ ಮೇಲೆ ಊರು ಮತ್ತೆ ಬೆಂಗಳೂರಿನ ಹೆಸರಿಗೇ ಬಂದು ನಿಂತಿದೆ. ನಲವತ್ತು ವರ್ಷಗಳಲ್ಲಿ ನಾಲ್ಕು ವಿಳಾಸ! ಈ ಅವಧಿಯಲ್ಲಿ ಸಾವನದುರ್ಗ ಒಂದಿಂಚೂ ಸರಿಯಲಿಲ್ಲ, ತಿರುಮಲೆಯ ರಂಗನಾಥಸ್ವಾಮಿ ಗುಡಿ ಬಿಟ್ಟು ಹೋಗಲಿಲ್ಲ. ಸರಿದದ್ದು ಒಂದೇ – ಕಾಲ ಕೆಳಗಿನ ನೆಲದ ಬೆಲೆ.

ಬೆಂಗಳೂರಿನಿಂದ ಪಶ್ಚಿಮಕ್ಕೆ ಸುಮಾರು 50 ಕಿ.ಮೀ. ದೂರದ ಈ ಊರಿಗೆ ಬಸ್ಸಿನಲ್ಲಿ ಹೊರಟವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಾಲಕ್ಕೆ ಸುಂಕದಕಟ್ಟೆ ದಾಟಿದರೆ ಬೆಂಗಳೂರು ಮುಗಿಯಿತೆಂದು ಲೆಕ್ಕ. ಹೆಸರೇ ಹೇಳುವಂತೆ ಅದು ಊರ ಬಾಗಿಲಿನ ಜಾಗ. ಈಗ ಬ್ಯಾಡರಹಳ್ಳಿ, ಕಡಬಗೆರೆಗಳನ್ನು ಹಿಂದೆ ಹಾಕಿದರೂ ನಗರ ಕೈಬಿಡುವುದಿಲ್ಲ. ತಾವರೆಕೆರೆ ದಾಟಿದ ಮೇಲೆ ರಾಗಿಯ ಹೊಲ, ಮಾವಿನ ತೋಪು, ನೀಲಗಿರಿ ಕಾಣಿಸುತ್ತವೆ ನಿಜ; ಅವುಗಳ ನಡುನಡುವೆ ಬಣ್ಣ ಬಳಿದ ಕಮಾನು, ಕಮಾನಿನ ಒಳಗೆ ಯಾರೂ ನಡೆಯದ ಟಾರು ರಸ್ತೆ, ರಸ್ತೆಯ ಎರಡೂ ಬದಿಗೆ ನೆಟ್ಟ ಗಡಿಕಲ್ಲುಗಳ ಸಾಲು. ಮನೆಯಿಲ್ಲ, ಜನರಿಲ್ಲ, ದೀಪದ ಕಂಬ ಮಾತ್ರ ಇದೆ. ಫಲಕದ ಮೇಲೆ ದೊಡ್ಡ ಅಕ್ಷರದಲ್ಲಿ ಚದರಡಿಯ ದರ.

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಹಳೆಯದು. ಮನೆ ಕಟ್ಟುವುದು ಎಂದೂ ಸುಲಭವಾಗಿರಲಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಆದರೆ ಗಾದೆ ಮಾಡಿದವರು ‘ಜಾಗ ಕೊಂಡು ನೋಡು’ ಎಂದು ಹೇಳಲಿಲ್ಲ. ಜಾಗ ಅವರಿಗೆ ಸಮಸ್ಯೆಯಾಗಿ ತೋರಿರಲಿಲ್ಲ. ಮಾಗಡಿಯಲ್ಲಿ ಒಂದು ಮನೆಯ ಬೆಲೆ ಹೇಗೆ ಏರಿತು ಎಂಬ ಕತೆಯೆಲ್ಲ ಗಾದೆಯಲ್ಲಿ ಇಲ್ಲದ ಈ ಮಾತಿನಲ್ಲೇ ಇದೆ.

ಅಂಕಣವೆಂಬ ಅಳತೆ

ಕೋಟೆಯ ಆಸುಪಾಸಿನ ಹಳೆಯ ಬೀದಿಗಳಲ್ಲಿ, ಸುತ್ತಲ ಹಳ್ಳಿಗಳಲ್ಲಿ ಇನ್ನೂ ಕೆಲವು ಹಳೆಯ ಮನೆಗಳು ಉಸಿರು ಹಿಡಿದು ನಿಂತಿವೆ. ಸೈಜುಗಲ್ಲಿನ ತಳಪಾಯ, ಮೊಳಕ್ಕಿಂತ ದಪ್ಪದ ಮಣ್ಣಿನ ಗೋಡೆ, ಬೀದಿಯ ಕಡೆಗೆ ಜಗಲಿ, ಒಳಗೆ ಹಜಾರ, ನಡುಮನೆ, ಅದರ ಪಕ್ಕಕ್ಕೇ ಕೊಟ್ಟಿಗೆ. ಅನುಕೂಲಸ್ಥರದ್ದಾದರೆ ನಡುವೆ ಆಕಾಶ ಕಾಣುವ ತೊಟ್ಟಿ. ಇಂಥ ಮನೆಯ ಗಾತ್ರ ಹೇಳುವಾಗ ಹಿರಿಯರು ಅಡಿ-ಅಂಗುಲದ ಲೆಕ್ಕ ಹೇಳುವುದಿಲ್ಲ. ಮೂರಂಕಣದ ಮನೆ, ಐದಂಕಣದ ಮನೆ, ಒಂಬತ್ತಂಕಣದ ಮನೆ ಎನ್ನುತ್ತಾರೆ. ಎರಡು ಕಂಬ ಅಥವಾ ಎರಡು ತೊಲೆಗಳ ನಡುವಿನ ಜಾಗವೇ ಒಂದು ಅಂಕಣ.

ಈ ಅಳತೆಯ ಹಿಂದೆ ಒಂದು ಭೂವಿಜ್ಞಾನದ ಪಾಠವಿದೆ. ಮಾಗಡಿ ಸೀಮೆಯ ಅಡಿಯಲ್ಲಿ ಇರುವುದು ಕ್ಲೋಸ್‌ಪೇಟೆ ಗ್ರಾನೈಟ್. ಕ್ಲೋಸ್‌ಪೇಟೆ ಎಂಬುದು ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಹೆಸರು. ಅದೇ ಹೆಸರು ಶಿಲೆಗೂ ನಿಂತಿತು. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದಲ್ಲಿ ಹೆಪ್ಪುಗಟ್ಟಿದ ಈ ಕಲ್ಲಿನ ಪಟ್ಟಿ ಉತ್ತರ-ದಕ್ಷಿಣವಾಗಿ ನೂರಾರು ಕಿ.ಮೀ. ಹಬ್ಬಿದೆ. ಸಮುದ್ರ ಮಟ್ಟದಿಂದ 1,226 ಮೀಟರ್ ಎತ್ತರದ ಸಾವನದುರ್ಗದ ಬೋಳು ಬಂಡೆ ಅದರದೇ ತಲೆ. ಬಂಡೆಯ ಮೇಲೆ ಸೌದೆ ಹೊತ್ತಿಸಿ ಕಾಯಿಸಿದರೆ ಮೇಲಿನ ಪದರ ಹಿಗ್ಗಿ, ಕೆಳಗಿನ ತಣ್ಣನೆಯ ಪದರದಿಂದ ಬಿಟ್ಟುಕೊಳ್ಳುತ್ತದೆ. ಹಾಗೆ ಎದ್ದ ಹಾಳೆಗೆ ಸಾಲಾಗಿ ಉಳಿಯಿಂದ ಗುಳಿ ತೋಡಿ, ಸುತ್ತಿಗೆಯಿಂದ ಹೊಡೆದು ಸೀಳಿದರೆ ಚಪ್ಪಡಿ ಸಿದ್ಧ. ಕಲ್ಲುಕುಟಿಕರಿಗೆ ಉಷ್ಣ ವಿಸ್ತರಣದ ಸೂತ್ರ ಪುಸ್ತಕದಿಂದ ಬರಲಿಲ್ಲ, ಕೈಯಿಂದ ಬಂತು.

ಗ್ರಾನೈಟ್ ಎಷ್ಟು ಭಾರವನ್ನಾದರೂ ಹೊರುತ್ತದೆ. ಬಾಗು ಎಂದರೆ ಮಾತ್ರ ಮುರಿಯುತ್ತದೆ. ಕಂಬವಾಗಿ ನಿಲ್ಲಿಸಿದರೆ ಶತಮಾನ ನಿಂತೀತು, ಅಡ್ಡಲಾಗಿ ಉದ್ದಕ್ಕೆ ಹಾಸಿದರೆ ತನ್ನ ತೂಕವನ್ನೇ ತಡೆಯಲಾರದು. ಹಾಗಾಗಿ ಕೆಲವೇ ಅಡಿಗಳಿಗೊಂದು ಕಂಬ ಬೇಕೇಬೇಕು. ಮರದ ತೊಲೆಗೂ ಇಂಥದೇ ಮಿತಿ. ಅಂಕಣ ಹುಟ್ಟಿದ್ದು ಹೀಗೆ – ಮನುಷ್ಯನ ಆಸೆಯಿಂದಲ್ಲ, ಕಲ್ಲು-ಮರಗಳ ಶಕ್ತಿಯಿಂದ.

ಆ ಮನೆಗೆ ಎಷ್ಟು ಖರ್ಚಾಯಿತು ಎಂದು ಕೇಳಿದರೆ ಹಳಬರಿಗೆ ಉತ್ತರಿಸಲು ಕಷ್ಟವಾಗುತ್ತದೆ. ಮರೆವಿನಿಂದಲ್ಲ, ಖರ್ಚು ಎಂಬ ಮಾತೇ ಅದಕ್ಕೆ ಸರಿಯಾಗಿ ಹೊಂದುವುದಿಲ್ಲ. ಮಣ್ಣು ಕೆರೆಯಂಗಳದ್ದು. ಬೇವು, ಹಲಸು ಹೊಲದ ಬದುವಿನವು. ಬಿದಿರು ಕಾಡಿನದು. ನಾಡಹೆಂಚು ಕುಂಬಾರನದು, ಅವನಿಗೆ ಸುಗ್ಗಿಯಲ್ಲಿ ರಾಗಿ ಅಳೆದರೆ ಆಯಿತು. ಗೋಡೆ ಹಾಕಲು ಮುಯ್ಯಾಳುಗಳು ಬರುತ್ತಿದ್ದರು. ಈ ವರ್ಷ ಇವನ ಮನೆಗೆ ಅವನು, ಬರುವ ವರ್ಷ ಅವನ ಮನೆಗೆ ಇವನು. ಕೈಯಿಂದ ಕಾಸು ಬಿಚ್ಚುತ್ತಿದ್ದುದು ಬಾಗಿಲು ಮಾಡುವ ಆಚಾರಿಗೆ, ಕಬ್ಬಿಣದ ಚಿಲಕಕ್ಕೆ, ಗೃಹಪ್ರವೇಶದ ಬೆಲ್ಲ-ಬೇಳೆಗೆ. ಪೇಟೆಯ ಧಾರಣೆ ಏರಿದರೂ ಇಳಿದರೂ ಅದರ ಬಿಸಿ ಮನೆಯ ಗೋಡೆಗೆ ಅಷ್ಟಾಗಿ ತಟ್ಟುತ್ತಿರಲಿಲ್ಲ.

ಹಾಗೆಂದು ಅದು ಸ್ವರ್ಗವೇನೂ ಅಲ್ಲ. ಬಡವರ ಸೋಗೆ ಗುಡಿಸಲು ಪ್ರತಿ ಮಳೆಗಾಲವೂ ಸೋರುತ್ತಿತ್ತು. ಒಲೆಯ ಹೊಗೆ ಮನೆಯೊಳಗೇ ಸುತ್ತುತ್ತಿತ್ತು. ಶೌಚಾಲಯವಿಲ್ಲ, ನಲ್ಲಿಯಿಲ್ಲ, ಗೆದ್ದಲ ಕಾಟ ತಪ್ಪಿದ್ದಲ್ಲ. ಜಮೀನಿಲ್ಲದ ಕೂಲಿಯವನಿಗೆ ಮುಯ್ಯಾಳು ಕರೆಯುವ ಸ್ಥಾನವೂ ಇರಲಿಲ್ಲ. ಆದರೂ ಅಂದಿನ ಮನೆ ಹಣದ ಲೆಕ್ಕದಿಂದ ಹೊರಗಿತ್ತು ಎಂಬುದು ಮುಖ್ಯ.

ಮನೆ ಮಾರುಕಟ್ಟೆಗೆ ಬಂತು

ಮೊದಲು ಬಂದದ್ದು ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯ ಈ ಹೆಂಚು ನಿಧಾನವಾಗಿ ಘಟ್ಟ ಹತ್ತಿ ಬಯಲುಸೀಮೆಗೆ ಬಂತು. ಕುಂಬಾರನ ಕೈಹೆಂಚನ್ನು ವರ್ಷ-ಎರಡು ವರ್ಷಕ್ಕೊಮ್ಮೆ ಕೈಯಾಡಿಸಬೇಕಾಗಿದ್ದ ಮನೆಗಳಿಗೆ ಅದೊಂದು ದೊಡ್ಡ ನೆಮ್ಮದಿ. ಆದರೆ ಅದಕ್ಕೆ ರಾಗಿ ಅಳೆದರೆ ನಡೆಯದು, ರೂಪಾಯಿಯನ್ನೇ ಎಣಿಸಬೇಕು.

ಆ ಮೇಲೆ ಸಿಮೆಂಟು. ಬಹಳ ಕಾಲ ಸಿಮೆಂಟಿನ ಬೆಲೆಯೂ ಹಂಚಿಕೆಯೂ ಸರ್ಕಾರದ ಹಿಡಿತದಲ್ಲಿದ್ದವು. ಹತ್ತು ಚೀಲ ಬೇಕೆಂದರೆ ಅರ್ಜಿ, ಪರ್ಮಿಟ್ಟು, ಕಾಯುವಿಕೆ. ಮಗಳ ಮದುವೆಗೆ ಮುಂಚೆ ಮನೆ ಮುಗಿಸಬೇಕೆಂದುಕೊಂಡವರು ಮದುವೆ ಮುಗಿದ ಮೇಲೆ ಸಿಮೆಂಟು ಕಂಡದ್ದುಂಟು. 1982ರಲ್ಲಿ ಈ ನಿಯಂತ್ರಣವನ್ನು ಭಾಗಶಃ, 1989ರಲ್ಲಿ ಪೂರ್ಣವಾಗಿ ತೆಗೆಯಲಾಯಿತು. ಅಂಗಡಿಯಲ್ಲಿ ಹಣ ಕೊಟ್ಟರೆ ಎಷ್ಟು ಚೀಲವಾದರೂ ಸಿಗುವ ಕಾಲ ಬಂದದ್ದು ಹಾಗೆ. ಮಾಗಡಿಯಂಥ ಊರುಗಳಲ್ಲಿ ತಾರಸಿ ಮನೆಗಳು ಸಾಲುಗಟ್ಟಿ ಎದ್ದದ್ದು ತೊಂಬತ್ತರ ದಶಕದಲ್ಲಿ ಎಂಬುದು ಆಕಸ್ಮಿಕವಲ್ಲ.

ಸಿಮೆಂಟಿನೊಂದಿಗೆ ಕಂಬಿಯೂ ಬಂತು. ಕಲ್ಲಿಗೆ ಇಲ್ಲದ ಗುಣ ಉಕ್ಕಿಗಿದೆ, ಎಳೆತವನ್ನು ತಡೆದುಕೊಳ್ಳುತ್ತದೆ. ಕಾಂಕ್ರೀಟು ಒತ್ತಡವನ್ನು ಹೊತ್ತರೆ ಒಳಗಿನ ಕಂಬಿ ಎಳೆತವನ್ನು ಹೊರುತ್ತದೆ. ಇಬ್ಬರೂ ಕೂಡಿ ಹದಿನೈದು ಅಡಿ ಅಗಲದ ಕೋಣೆಯನ್ನು ನಡುವೆ ಒಂದೂ ಕಂಬವಿಲ್ಲದೆ ಮುಚ್ಚಬಲ್ಲರು. ಅಂದಿಗೆ ಅಂಕಣ ಎಂಬ ಅಳತೆ ಅರ್ಥ ಕಳೆದುಕೊಂಡಿತು. ಅದರ ಜಾಗಕ್ಕೆ ‘ಚದರ’ ಬಂತು – ಹತ್ತಡಿಗೆ ಹತ್ತಡಿ, ಅಂದರೆ ನೂರು ಚದರಡಿ. ‘ಎಷ್ಟು ಅಂಕಣ?’ ಎನ್ನುತ್ತಿದ್ದವರು ‘ಎಷ್ಟು ಚದರ?’ ಎಂದು ಕೇಳತೊಡಗಿದರು.

ಅಲ್ಲಿಂದಾಚೆಗೆ ಮನೆಯ ಪ್ರತಿಯೊಂದು ಅಂಗಕ್ಕೂ ಪೇಟೆಯ ದರ. ಅರ್ಕಾವತಿಯ ಮರಳು ಬರಿದಾಗಿ ಕ್ರಷರಿನಿಂದ ಎಂ-ಸ್ಯಾಂಡ್ ಬಂತು. ಮಣ್ಣಿನ ಗೋಡೆಯ ಬದಲು ಇಟ್ಟಿಗೆ, ಇಟ್ಟಿಗೆಯ ಬದಲು ಸಿಮೆಂಟ್ ಬ್ಲಾಕು ಬಂತು. ಮುಯ್ಯಾಳು ಮಾಯವಾಗಿ ಗಾರೆ ಮೇಸ್ತ್ರಿ, ಸೆಂಟ್ರಿಂಗ್‌ನವರು, ಪೈಪು-ವೈರಿನವರು ಬಂದರು. ಸರ್ಕಾರದ ತೆರಿಗೆಯೂ ಮನೆಯೊಳಕ್ಕೆ ಬಂತು. 2017ರಲ್ಲಿ ಜಿಎಸ್‌ಟಿ ಬಂದಾಗ ಸಿಮೆಂಟಿಗೆ ಶೇ 28, 2025ರ ಸೆಪ್ಟೆಂಬರ್ 22ರಿಂದ ಅದು ಶೇ 18. ಕೆರೆಯ ಮಣ್ಣಿಗೆ ಯಾವ ತೆರಿಗೆಯೂ ಇರಲಿಲ್ಲ!

ತೊಂಬತ್ತೈದು ಪಟ್ಟಿನ ಲೆಕ್ಕ

ಹಾಗಾದರೆ ಬೆಲೆ ಏರಿದ್ದು ಎಷ್ಟು? ಇದಕ್ಕೆ ಒಂದು ಅಳತೆಗೋಲಿದೆ. ಕಾರ್ಮಿಕ ಕುಟುಂಬವೊಂದು ಅಕ್ಕಿ, ಬೇಳೆ, ಬಟ್ಟೆ, ಸೌದೆ, ಬಾಡಿಗೆ ಮುಂತಾದವಕ್ಕೆ ಮಾಡುವ ಖರ್ಚನ್ನು ಒಂದು ಬುಟ್ಟಿಯೆಂದು ಭಾವಿಸಿ, ಆ ಬುಟ್ಟಿಯ ಬೆಲೆಯನ್ನು ಕೇಂದ್ರ ಸರ್ಕಾರದ ಕಾರ್ಮಿಕ ಬ್ಯೂರೋ ತಿಂಗಳಿಗೊಮ್ಮೆ ಲೆಕ್ಕ ಹಾಕುತ್ತದೆ. ಅದೇ ಗ್ರಾಹಕ ಬೆಲೆ ಸೂಚ್ಯಂಕ. ನೌಕರರ ತುಟ್ಟಿಭತ್ಯೆಗೂ ಅದೇ ಆಧಾರ. 1960ರಲ್ಲಿ 100 ಎಂದು ಹಿಡಿದ ಸರಣಿ 1982ರ ಸರಣಿಗೆ ಬದಲಾದಾಗ ಹಳೆಯದಕ್ಕೂ ಹೊಸದಕ್ಕೂ ಇದ್ದ ಅನುಪಾತ 4.93. 1982ರಿಂದ 2001ರ ಸರಣಿಗೆ 4.63. 2001ರಿಂದ 2016ರ ಸರಣಿಗೆ 2.88. 2016ರಲ್ಲಿ 100 ಇದ್ದದ್ದು 2025ರಲ್ಲಿ 145ರ ಆಸುಪಾಸು. ಈ ನಾಲ್ಕನ್ನೂ ಗುಣಿಸಿದರೆ ಸುಮಾರು 95 ಬರುತ್ತದೆ. ಅಂದರೆ 1960ರ ಒಂದು ರೂಪಾಯಿಯ ಕೆಲಸಕ್ಕೆ ಇಂದು 95 ರೂಪಾಯಿ ಬೇಕು.

ಸೂಚ್ಯಂಕದೊಳಗೆ ಇನ್ನೊಂದು ಸಂಗತಿ ಅಡಗಿದೆ. 1982ರ ಬುಟ್ಟಿಯಲ್ಲಿ ವಸತಿಯ ಪಾಲು ಶೇ 8.67 ಇತ್ತು. 2001ರ ಬುಟ್ಟಿಯಲ್ಲಿ ಶೇ 15.27, 2016ರದರಲ್ಲಿ ಶೇ 16.87. ನೂರು ರೂಪಾಯಿ ಖರ್ಚಿನಲ್ಲಿ ಒಂಬತ್ತಕ್ಕಿಂತ ಕಡಿಮೆ ತಿನ್ನುತ್ತಿದ್ದ ಸೂರು ಈಗ ಹದಿನೇಳರ ಹತ್ತಿರ ತಿನ್ನುತ್ತಿದೆ. ಸಂಬಳ ಏರಿದರೂ ಕೈ ಬಿಗಿಯಾಗಿಯೇ ಇರುವುದೇಕೆ ಎಂಬ ಪ್ರಶ್ನೆಗೆ ಇದು ಅರ್ಧ ಉತ್ತರ.

ಉಳಿದರ್ಧ ಈ ಬುಟ್ಟಿಯಲ್ಲೇ ಇಲ್ಲ. ಸೂಚ್ಯಂಕ ವಸತಿ ಎಂದು ಲೆಕ್ಕ ಹಿಡಿಯುವುದು ಮುಖ್ಯವಾಗಿ ಬಾಡಿಗೆಯನ್ನು. ಸೈಟಿನ ಬೆಲೆ ಅದರೊಳಗೆ ಬರುವುದಿಲ್ಲ. ನೆಲವನ್ನು ಯಾರೂ ತಿಂದು ಮುಗಿಸುವುದಿಲ್ಲವಾದ್ದರಿಂದ ಅದು ಬಳಕೆಯ ವಸ್ತುವಲ್ಲ, ಆಸ್ತಿ ಎಂಬುದು ಅರ್ಥಶಾಸ್ತ್ರದ ವಾದ. ವಾದ ಸರಿಯೇ. ಆದರೆ ಮನೆ ಕಟ್ಟುವವನಿಗೆ ಮೊದಲು ಬೇಕಾದದ್ದೇ ಆ ನೆಲ. ಗೋಡೆ-ತಾರಸಿಗಳ ಖರ್ಚು ಹಣದುಬ್ಬರದ ಜೊತೆಗೆ ಏದುಸಿರು ಬಿಡುತ್ತ ಏರಿದರೆ, ನೆಲದ ಬೆಲೆ ಆ ಅಳತೆಗೋಲಿನ ಆಚೆಗೆ ತನ್ನದೇ ದಾರಿಯಲ್ಲಿ ಓಡಿದೆ.

ಅದರ ನಡೆಯನ್ನು ಹೋಲಿಸಬಹುದಾದದ್ದು ಚಿನ್ನದ ಜೊತೆ. 1960ರಲ್ಲಿ 10 ಗ್ರಾಂ ಚಿನ್ನಕ್ಕೆ ಸುಮಾರು 112 ರೂ. ಇತ್ತು, 2025ರಲ್ಲಿ ಅದು ಒಂದು ಲಕ್ಷ ದಾಟಿತು. ದಿನಸಿ 95 ಪಟ್ಟು ಏರುವ ಹೊತ್ತಿಗೆ ಚಿನ್ನ ಸುಮಾರು 900 ಪಟ್ಟು. ಮಾಗಡಿ ರಸ್ತೆಯ ಖಾಲಿ ಬಡಾವಣೆಗಳ ಸೈಟನ್ನು ಜನ ಕೊಳ್ಳುವುದೂ ಚಿನ್ನದ ಹಾಗೆಯೇ – ವಾಸಕ್ಕಲ್ಲ, ಪೆಟ್ಟಿಗೆಯಲ್ಲಿಡಲು. ಚಿನ್ನವನ್ನು ಪೆಟ್ಟಿಗೆಯಲ್ಲಿಟ್ಟರೆ ಯಾರ ಸೂರೂ ತಪ್ಪುವುದಿಲ್ಲ, ನೆಲವನ್ನಿಟ್ಟರೆ ತಪ್ಪುತ್ತದೆ.

ಎಕರೆಯಲ್ಲಿ ಮಾರಿ, ಚದರಡಿಯಲ್ಲಿ ಕೊಂಡು

1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾಖಾನ್ ಬೆಂಗಳೂರನ್ನು ಗೆದ್ದಾಗ ಕೆಂಪೇಗೌಡರ ವಂಶದವರು ಅಲ್ಲಿಂದ ಹಿಂದೆ ಸರಿದು ಮಾಗಡಿಯಲ್ಲಿ ನೆಲೆ ನಿಂತರು. 1728ರಲ್ಲಿ ಮೈಸೂರಿನವರು ಮಾಗಡಿ, ಸಾವನದುರ್ಗಗಳನ್ನು ವಶಪಡಿಸಿಕೊಳ್ಳುವವರೆಗೂ ಇಲ್ಲೇ ಆಳಿದರು. ಬೆಂಗಳೂರು ಕಳೆದುಕೊಂಡವರಿಗೆ ಮಾಗಡಿ ಆಸರೆಯಾಗಿತ್ತು. ಈಗ ಬೆಂಗಳೂರೇ ಮಾಗಡಿಯನ್ನು ಹುಡುಕಿಕೊಂಡು ಬರುತ್ತಿದೆ, ಈ ಬಾರಿ ಸೇನೆಯಿಲ್ಲದೆ, ಮುಂಗಡದ ಚೆಕ್ಕು ಹಿಡಿದು.

ಬರುವುದಕ್ಕೆ ಕಾರಣಗಳೂ ಇವೆ. ಬೆಂಗಳೂರನ್ನು ಸುತ್ತುವ ಸುಮಾರು 280 ಕಿ.ಮೀ. ಉದ್ದದ ಉಪನಗರ ವರ್ತುಲ ರಸ್ತೆಯ ಯೋಜನೆ ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ಹೊಸಕೋಟೆಗಳಂತೆ ಮಾಗಡಿಯನ್ನೂ ಮುಟ್ಟುತ್ತದೆ. ಹೊಸಹಳ್ಳಿಯಿಂದ ಮಾಗಡಿ ರಸ್ತೆಯುದ್ದಕ್ಕೂ ಕಡಬಗೆರೆಯವರೆಗೆ 12.5 ಕಿ.ಮೀ. ಮೆಟ್ರೊ ಮಾರ್ಗಕ್ಕೆ 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ದೊರೆಯಿತು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಲು ಭೂಸುಧಾರಣಾ ಕಾಯ್ದೆಯಲ್ಲಿದ್ದ ತಡೆಯನ್ನು 2020ರ ತಿದ್ದುಪಡಿ ತೆಗೆದುಹಾಕಿತು. 2023ರ ಅಕ್ಟೋಬರ್‌ನಲ್ಲಿ ಸರ್ಕಾರ ರಾಜ್ಯದಾದ್ಯಂತ ಆಸ್ತಿಗಳ ಮಾರ್ಗಸೂಚಿ ದರವನ್ನು ಸರಾಸರಿ ಶೇ 30ರಷ್ಟು ಏರಿಸಿತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2 ಆಯಿತು. ರಸ್ತೆ ಬರುವ ಸುದ್ದಿಗೇ ಬೆಲೆ ಏರುತ್ತದೆ; ರಸ್ತೆ ಬರುವುದು ಆಮೇಲೆ.

ಬೆಲೆ ಏರಿದರೆ ಜಮೀನುಳ್ಳವನಿಗೆ ಲಾಭವಲ್ಲವೇ ಎಂದು ಕೇಳುವುದು ಸಹಜ. ಶಾಲೆಯ ಲೆಕ್ಕದ ಹಾಗೆ ಒಂದು ಉದಾಹರಣೆ ನೋಡಬಹುದು. ಒಂದು ಎಕರೆ ಎಂದರೆ 40 ಗುಂಟೆ, 43,560 ಚದರಡಿ. ಎಕರೆಗೆ ಒಂದು ಕೋಟಿ ರೂಪಾಯಿ ಸಿಕ್ಕಿತೆಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ ರೈತನಿಗೆ ಚದರಡಿಗೆ ಸಿಕ್ಕಿದ್ದು ಸುಮಾರು 230 ರೂ. ಬಡಾವಣೆ ಮಾಡುವವನು ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯಗಳಿಗೆ ಜಾಗ ಬಿಡಬೇಕು. ಸೈಟಾಗಿ ಮಾರಲು ಉಳಿಯುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಶೇ 55 ಎಂದು ಹಿಡಿದರೆ ಎಕರೆಗೆ 30-40 ಅಳತೆಯ ಸುಮಾರು 20 ಸೈಟು. ಅಲ್ಲಿಗೆ ನೆಲದ ಅಸಲು ಬೆಲೆಯೇ ಚದರಡಿಗೆ 417 ರೂ. ಆಯಿತು. ಭೂಪರಿವರ್ತನೆ, ರಸ್ತೆ, ಚರಂಡಿ, ವಿದ್ಯುತ್ತು, ದಲ್ಲಾಳಿ, ಸಾಲದ ಬಡ್ಡಿ, ಲಾಭ ಸೇರಿ ಚದರಡಿಗೆ ಸಾವಿರಕ್ಕೆ ಮಾರಿದನೆಂದುಕೊಳ್ಳೋಣ. ಒಂದು ಸೈಟಿಗೆ 12 ಲಕ್ಷ.

ಈಗ ಅರ್ಧ ಎಕರೆ ಇದ್ದ ಒಂದು ಕುಟುಂಬ ಅದನ್ನು 50 ಲಕ್ಷಕ್ಕೆ ಮಾರಿತು. ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲನ್ನು ಕರ್ನಾಟಕ 1994ರಲ್ಲೇ ಕೊಟ್ಟಿತು, 2005ರಲ್ಲಿ ಇಡೀ ದೇಶಕ್ಕೆ ಅದು ಅನ್ವಯವಾಯಿತು, ನ್ಯಾಯವಾದದ್ದೇ. ತಲೆಗೆ ಹನ್ನೆರಡೂವರೆ ಲಕ್ಷ ಬಂತು. ಅವರಲ್ಲೊಬ್ಬ ತನ್ನದೇ ಹಳೆಯ ಹೊಲದಲ್ಲಿ ಒಂದು ಸೈಟು ಕೊಳ್ಳಲು ಹೋದರೆ 12 ಲಕ್ಷ ತೆರಬೇಕು. ಉಳಿದದ್ದು 50 ಸಾವಿರ. ಅದರಲ್ಲಿ ನೋಂದಣಿಯ ಖರ್ಚೂ ಹುಟ್ಟುವುದಿಲ್ಲ. ಹೊಲ ಹೋಯಿತು, ಸೈಟು ಬಂತು, ಗೋಡೆ ಏಳಲಿಲ್ಲ. ಎಕರೆಯಲ್ಲಿ ಮಾರಿದವನು ಚದರಡಿಯಲ್ಲಿ ಕೊಳ್ಳಬೇಕಾದಾಗ ನಡೆಯುವುದು ಇದು. ಲೆಕ್ಕದಲ್ಲಿ ಯಾರೂ ಮೋಸ ಮಾಡಿಲ್ಲ, ಅಂಕಿಗಳೇ ಹಾಗಿವೆ.

ಇಲ್ಲಿ ಕಳೆದುಹೋಗುವುದು ಹಣ ಮಾತ್ರವಲ್ಲ. ಚಳಿಗಾಲದಲ್ಲಿ ಬೆಂಗಳೂರಿನ ಮಾರುಕಟ್ಟೆಗಳಲ್ಲಿ ‘ಮಾಗಡಿ ಅವರೆ’ ಎಂದು ಕೂಗಿ ಮಾರುವ ಸೊಗಡಿನ ಕಾಯಿ ಬೆಳೆದದ್ದು ಇದೇ ಕೆಂಪು ನೆಲದ ಹೊಲಗಳಲ್ಲಿ. ಗಡಿಕಲ್ಲು ನೆಟ್ಟ ಮೇಲೆ ಮನೆಯೂ ಏಳದ, ಅವರೆಯೂ ಬೆಳೆಯದ ನೆಲದಲ್ಲಿ ಪಾರ್ಥೇನಿಯಂ ಮಾತ್ರ ಹೂ ಬಿಡುತ್ತದೆ.

ಹಿಂದೆ ಬಿದ್ದವರು

ಜಮೀನು ಇದ್ದವರ ಪಾಡು ಹೀಗಾದರೆ ಇಲ್ಲದವರ ಪಾಡೇನು? ಸರ್ಕಾರ ಕೈಕಟ್ಟಿ ಕೂತಿಲ್ಲ. ಎಪ್ಪತ್ತರ ದಶಕದ ಜನತಾ ಮನೆಗಳನ್ನು ಹಳ್ಳಿಗಳಲ್ಲಿ ಇಂದಿಗೂ ಅದೇ ಹೆಸರಿನಿಂದ ಗುರುತಿಸುತ್ತಾರೆ. 1985ರಲ್ಲಿ ಕೇಂದ್ರದ ಇಂದಿರಾ ಆವಾಸ್, 1991–92ರಲ್ಲಿ ರಾಜ್ಯದ ಆಶ್ರಯ ಯೋಜನೆ ಬಂದವು. ಇಂದಿರಾ ಆವಾಸ್ ಯೋಜನೆಯ ನೆರವಿನ ಮೊತ್ತವೇ ಮನೆಯ ಬೆಲೆಯ ಒಂದು ಚರಿತ್ರೆ: ಬಯಲು ಪ್ರದೇಶಕ್ಕೆ 1996ರಲ್ಲಿ 20 ಸಾವಿರ, 2004ರಲ್ಲಿ 25 ಸಾವಿರ, 2008ರಲ್ಲಿ 35 ಸಾವಿರ, 2010ರಲ್ಲಿ 45 ಸಾವಿರ, 2013ರಲ್ಲಿ 70 ಸಾವಿರ. 2016ರಲ್ಲಿ ಅದು ಪ್ರಧಾನ ಮಂತ್ರಿ ಆವಾಸ್ ಆಗಿ ಮೊತ್ತ 1 ಲಕ್ಷ 20 ಸಾವಿರಕ್ಕೆ ಏರಿತು. 2024ರಲ್ಲಿ ಯೋಜನೆಯನ್ನು ಮುಂದುವರಿಸಿದಾಗಲೂ ಮೊತ್ತ ಅಷ್ಟೇ.

ಇದನ್ನು ಕೂಲಿಯ ದಿನಗಳಲ್ಲಿ ಅಳೆದರೆ ಚಿತ್ರ ಸ್ಪಷ್ಟವಾಗುತ್ತದೆ. ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 2011ರಲ್ಲಿ 125 ರೂ. ಇತ್ತು. ಅಂದಿನ 45 ಸಾವಿರ ಎಂದರೆ 360 ದಿನಗಳ ಕೂಲಿ. 2016ರಲ್ಲಿ ಕೂಲಿ 224 ರೂ.; ಹೊಸ ಮೊತ್ತ 536 ದಿನಗಳ ಕೂಲಿಗೆ ಸಮವಾಯಿತು, ನಿಜವಾದ ಏರಿಕೆ. 2025–26ರಲ್ಲಿ ಕೂಲಿ 370 ರೂ. ಆದಾಗ ಅದೇ 1 ಲಕ್ಷ 20 ಸಾವಿರ 324 ದಿನಗಳಿಗೆ ಇಳಿದಿತ್ತು. ಯಾರೂ ಒಂದು ಪೈಸೆ ಕಡಿತ ಮಾಡದೆಯೇ ನೆರವು ಕರಗಿತು. ಹಣದುಬ್ಬರ ಕೆಲಸ ಮಾಡುವ ರೀತಿಯೇ ಅದು – ಸದ್ದಿಲ್ಲದೆ. ಯೋಜನೆಯ ಕನಿಷ್ಠ ಮನೆ 25 ಚದರ ಮೀಟರ್, ಎಂದರೆ ಸುಮಾರು 270 ಚದರಡಿ. ಚದರಡಿಗೆ ಒಂದೂವರೆಯಿಂದ ಎರಡು ಸಾವಿರ ಹಿಡಿದರೂ ನಾಲ್ಕರಿಂದ ಐದು ಲಕ್ಷಕ್ಕೂ ಹೆಚ್ಚು ಬೇಕು. ಉಳಿದದ್ದಕ್ಕೆ ಕೈಸಾಲ, ಸಂಘದ ಸಾಲ, ಇಲ್ಲವೆ ಹೆಂಡತಿಯ ಕಿವಿಯೋಲೆ. ತಳಪಾಯಕ್ಕೇ ನಿಂತು, ಗಿಡ ಬೆಳೆದ ಮನೆಗಳ ಹಿಂದಿನ ಗುಟ್ಟು ಇಷ್ಟೇ. ಇದೆಲ್ಲ ಜಾಗ ಇದ್ದವರ ಮಾತು. ಜಾಗವೇ ಇಲ್ಲದವರಿಗೆ ಮೊದಲ ಕಂತೂ ಬರುವುದಿಲ್ಲ.

ಸಂಬಳದಾರರ ಕಷ್ಟ ಇನ್ನೊಂದು ಬಗೆಯದು. 7ನೇ ರಾಜ್ಯ ವೇತನ ಆಯೋಗದ ಶ್ರೇಣಿ 2024ರ ಆಗಸ್ಟ್‌ನಿಂದ ಜಾರಿಗೆ ಬಂದಾಗ ಕನಿಷ್ಠ ಮೂಲವೇತನ 27 ಸಾವಿರ ರೂ. ಆಯಿತು. ಮನೆ ಬಾಡಿಗೆ ಭತ್ಯೆ ಊರಿನ ಜನಸಂಖ್ಯೆಯನ್ನು ನೋಡಿ ಕೊಡುವಂಥದು – ಬೆಂಗಳೂರಿಗೆ ಶೇ 20, ಸಣ್ಣ ಊರುಗಳಿಗೆ ಶೇ 7.5. ಅದೇ ಮೂಲವೇತನದ ನೌಕರನಿಗೆ ಬೆಂಗಳೂರಿನಲ್ಲಿ 5,400 ರೂ., ಮಾಗಡಿಯಲ್ಲಿ 2,025 ರೂ. ಭತ್ಯೆ ಜನಸಂಖ್ಯೆಯನ್ನು ಎಣಿಸುತ್ತದೆ. ಮನೆ ಮಾಲೀಕ ಬೆಂಗಳೂರಿಗಿರುವ ದೂರವನ್ನು ಎಣಿಸುತ್ತಾನೆ. ಜಿಲ್ಲೆಯ ಹೆಸರಿನಲ್ಲಿ ಬೆಂಗಳೂರು ಬಂದ ಮಾತ್ರಕ್ಕೆ ಭತ್ಯೆ ಬೆಂಗಳೂರಿನದಾಗುವುದಿಲ್ಲ.

ಹಳೆಯ ಅಂಕಣದ ಮನೆಗಳ ಪಾಡೂ ವಿಚಿತ್ರ. ಅಣ್ಣತಮ್ಮಂದಿರು ಪಾಲಾದಾಗ ಅಂಕಣಗಳನ್ನೇ ಹಂಚಿಕೊಳ್ಳುತ್ತಿದ್ದರು. ನಡುವೆ ಒಂದು ಗೋಡೆ ಎದ್ದರೆ ಎರಡು ಸಂಸಾರ. ಕಡೆಗೆ ಒಬ್ಬೊಬ್ಬರ ಪಾಲಿಗೆ ಒಂದೊಂದೇ ಅಂಕಣ ಉಳಿದಾಗ ಮನೆ ಕೆಡವಿ ಮಾರುವುದೇ ಲೇಸೆನಿಸುತ್ತದೆ. ಕೆಡವಿದ ಮನೆಯ ಕಂಬ, ಕೆತ್ತನೆಯ ಬಾಗಿಲುವಾಡಗಳನ್ನು ಹಳೆಯ ಸಾಮಾನಿನ ವ್ಯಾಪಾರಿಗಳು ಕೊಂಡೊಯ್ದು ಬೆಂಗಳೂರಿನ ಹೊಸ ಬಂಗಲೆಗಳ ಅಲಂಕಾರಕ್ಕೆ ಮಾರುತ್ತಾರೆ. ಒಂದು ಕಾಲಕ್ಕೆ ಕಾಸಿನ ಲೆಕ್ಕಕ್ಕೇ ಸಿಗದಿದ್ದ ಕಂಬಕ್ಕೆ ಅಲ್ಲಿ ಸಾವಿರಗಟ್ಟಲೆ ಬೆಲೆ.

ಜಗಲಿಯ ಜಾಗ

ಬೆಲೆ ಹಿಂದಕ್ಕೆ ಹೋಗುವುದಿಲ್ಲ. ಹೋಗಬೇಕೆಂದು ಬಯಸುವುದೂ ಅರ್ಥವಿಲ್ಲದ ಮಾತು. ಸಿಮೆಂಟು ಬಂದು ಮಾಗಡಿಯ ಬಡವರ ಸೂರು ಸೋರುವುದು ನಿಂತಿದೆ; ರಸ್ತೆ ಬಂದು ಹೆರಿಗೆಗೆ ಬೆಂಗಳೂರಿಗೆ ಒಯ್ಯುವ ದಾರಿ ಸಲೀಸಾಗಿದೆ. ಕೇಳಬೇಕಾದ ಪ್ರಶ್ನೆ ಬೇರೆ. ಮನೆ ಕಟ್ಟುವ ನೆರವನ್ನು ಸಿಮೆಂಟು, ಕಂಬಿ, ಕೂಲಿಗಳ ದರ ಏರಿದಂತೆ ವರ್ಷವರ್ಷವೂ ಏರಿಸಬಾರದೇಕೆ? ನೌಕರರ ತುಟ್ಟಿಭತ್ಯೆಗೆ ಸೂಚ್ಯಂಕ ಇರುವಾಗ ಬಡವನ ಗೋಡೆಗೂ ಒಂದು ಸೂಚ್ಯಂಕ ಇರಬಾರದೇ? ಹೊಸ ಬಡಾವಣೆಗಳಲ್ಲಿ ಉದ್ಯಾನಕ್ಕೆ ಜಾಗ ಬಿಡಿಸುವಂತೆ, ಆ ಊರಿನಲ್ಲೇ ಹುಟ್ಟಿ ಬೆಳೆದು ಅಲ್ಲೇ ದುಡಿಯುವವರಿಗಾಗಿ 20-30ರ ನಾಲ್ಕಾರು ಸೈಟುಗಳನ್ನು ಬಿಡಿಸಬಾರದೇ? ಮೆಟ್ರೊ ಕಡಬಗೆರೆಗೆ ಬರುವ ಮುಂಚೆ ಈ ಮಾತು ಆಗಬೇಕು. ಬಂದ ಮೇಲೆ ಆಡಿದರೆ ಅದಕ್ಕೂ ಚದರಡಿಯ ದರ ಹತ್ತಿರುತ್ತದೆ.

ಸಂಜೆ ಸಾವನದುರ್ಗದ ಬಂಡೆಯ ಮೇಲೆ ಬಿಸಿಲು ಕೆಂಪಾಗುವ ಹೊತ್ತಿಗೆ ಹಳೆಯ ಬೀದಿಯ ಮನೆಗಳ ಜಗಲಿಗಳು ಈಗಲೂ ತುಂಬುತ್ತವೆ. ಅವರೆಕಾಯಿ ಬಿಡಿಸುವವರು, ಬಸ್ಸು ತಪ್ಪಿಸಿಕೊಂಡು ಕೂತವರು, ಸುಮ್ಮನೆ ಬಂದವರು. ಮನೆಯ ಯಜಮಾನ ಕಟ್ಟಿಸಿದ್ದು, ಬೀದಿಯವರು ಬಳಸುವುದು. ಜಗಲಿ ಎಂದರೆ ಹಾಗೆ. ಹೊಸ ಬಡಾವಣೆಯ ಮನೆಗಳ ನಕ್ಷೆಯಲ್ಲಿ ಕಾರು ನಿಲ್ಲಿಸಲು ಜಾಗವಿದೆ, ಗೇಟಿದೆ, ಬಾಡಿಗೆಗೆ ಕೊಡಲು ಮಹಡಿಯಿದೆ. ಜಗಲಿ ಇಲ್ಲ. ಚದರಡಿಗೆ ಇಷ್ಟು ಎಂದು ಕೊಂಡ ನೆಲದಲ್ಲಿ ದಾರಿಹೋಕನಿಗೆ ಎರಡಡಿ ಬಿಡಲು ಯಾರಿಗೆ ತಾನೇ ಮನಸ್ಸು ಬಂದೀತು?